ಉಸಿರು ಕಟ್ಟಿದವನನ್ನು ಕುಸ್ತಿಗೆ ಕರೆದದ್ದು

ಕೊಂಬು ಬಡಿದಷ್ಟೂ ಅವನು ದೂರ ಹೋಗುತ್ತಿದ್ದ. ನನ್ನ ಕಿವಿಯಲ್ಲಿದ್ದ ರಿಸೀವರಿನ ಟಿಕ್ ಟಿಕ್ ಸದ್ದು ಬೆಳಿಗ್ಗೆ ಸ್ಪಷ್ಟವಾಗಿತ್ತು. ದಂತವೈದ್ಯರು ಎರಡು ದೊಡ್ಡ ಕೊಂಬುಗಳನ್ನು ಒಂದಕ್ಕೊಂದು ಅಪ್ಪಳಿಸಿ ತಿರುಚಿದ ಮೇಲೆ ಅದು ಸಣ್ಣದಾಯಿತು, ಮತ್ತೊಮ್ಮೆ ಅಪ್ಪಳಿಸಿದ ಮೇಲೆ ಇನ್ನೂ ಸಣ್ಣದಾಯಿತು. ಬರುತ್ತಿದ್ದಾನೆಯೇ ಎಂದು ಅವರು ಪೊದೆಯ ಹಿಂದಿನಿಂದ ಹುಬ್ಬೇರಿಸಿ ಕೇಳಿದರು. ಇಲ್ಲವೆಂದು ಸನ್ನೆ ಮಾಡಿದೆ. ಹಾಗಾದರೆ ಇನ್ನೂ ಜೋರಾಗಿ ಬಡಿಯಬೇಕು ಎಂದು ಅವರು ತೀರ್ಮಾನಿಸಿದರು.

ಅದು ತೊಂಬತ್ತರ ದಶಕದ ನಡುವಿನ ಒಂದು ನವೆಂಬರ್. ಅಮೆರಿಕದ ಉತ್ತರ ಕೆರೊಲಿನಾದ ಏಪೆಕ್ಸ್ ಊರಿನಾಚೆ, ಒಂದು ದೊಡ್ಡ ಕೆರೆಯ ಸುತ್ತಲಿನ ಕಾಡಿನಲ್ಲಿ ಬಿಳಿಬಾಲದ ಜಿಂಕೆಗಳ ಅಧ್ಯಯನವೊಂದು ನಡೆಯುತ್ತಿತ್ತು. ನಾನು ಅದರ ಪಶುವೈದ್ಯೆ. ಜಿಂಕೆಗೆ ಅರಿವಳಿಕೆ ಕೊಡುವುದು, ಕೊರಳಿಗೆ ರೇಡಿಯೋ ಪಟ್ಟಿ ಹಾಕುವುದು, ಎಚ್ಚರವಾಗುವ ತನಕ ಕಾಯುವುದು ನನ್ನ ಕೆಲಸ. ಪಟ್ಟಿಯ ಸದ್ದನ್ನು ರಿಸೀವರಿನಲ್ಲಿ ಹಿಡಿದು, ಯಾವ ಜಿಂಕೆ ಎಲ್ಲಿ ಓಡಾಡುತ್ತದೆ ಎಂದು ಉಳಿದವರು ನಕ್ಷೆಯಲ್ಲಿ ಗುರುತು ಹಾಕುತ್ತಿದ್ದರು.

ಈ ಗಂಡಿಗೆ ಪಟ್ಟಿ ಹಾಕಿದ್ದು ನಾನು ಕೆಲಸಕ್ಕೆ ಸೇರುವ ಮುಂಚೆ. ಬೆದೆಗಾಲ ಬಂತೆಂದರೆ ಗಂಡು ಜಿಂಕೆಯ ಕುತ್ತಿಗೆ ಊದಿ ದಪ್ಪವಾಗುತ್ತದೆ. ಅದಕ್ಕೆಂದೇ ಗಂಡುಗಳ ಪಟ್ಟಿಯಲ್ಲಿ ಹಿಗ್ಗುವ ಮಡಿಕೆ ಇರುತ್ತದೆ. ಇವನ ಪಟ್ಟಿಯಲ್ಲಿ ಆ ಮಡಿಕೆ ಏಕೋ ಬಿಚ್ಚಿಕೊಂಡಿರಲಿಲ್ಲ. ಅಕ್ಟೋಬರ್ ಕೊನೆಯಲ್ಲಿ ವಿದ್ಯುತ್ ತಂತಿಯ ಕೆಳಗಿನ ಬಯಲಿನಲ್ಲಿ ಅವನು ನನ್ನ ಕಣ್ಣಿಗೆ ಬಿದ್ದ. ದಿಂಬಿನ ನಡುವೆ ಹಗ್ಗ ಬಿಗಿದಂತೆ ಕುತ್ತಿಗೆ ಪಟ್ಟಿಯ ಮೇಲೂ ಕೆಳಗೂ ಉಬ್ಬಿತ್ತು. ಬಾಯಿ ತೆರೆದುಕೊಂಡೇ ನಿಂತಿದ್ದ. ಊತ ಇನ್ನೂ ಏರುವುದಿತ್ತು. ಪಟ್ಟಿ ತೆಗೆಯದಿದ್ದರೆ ಆ ತಿಂಗಳೊಳಗೆ ಅವನು ಉಸಿರುಗಟ್ಟಿ ಸಾಯುತ್ತಾನೆ ಎಂಬುದರಲ್ಲಿ ನನಗೆ ಅನುಮಾನ ಉಳಿಯಲಿಲ್ಲ.

ಮದ್ದಿನ ಸೂಜಿ ಹಾರಿಸುವ ನನ್ನ ಬಂದೂಕಿಗೆ ಇಪ್ಪತ್ತು ಗಜದಾಚೆ ನಂಬಿಕೆ ಇಡುವಂತಿರಲಿಲ್ಲ. ಅವನಿದ್ದ ಎಳೆಯ ಪೈನ್ ತೋಪಿನಲ್ಲಿ ಮನುಷ್ಯರು ಅಷ್ಟು ಹತ್ತಿರ ನುಸುಳುವುದು ಆಗದ ಮಾತು. ಜೋಳ ಚೆಲ್ಲಿ ಕಾದೆವು. ಬೆದೆಗೆ ಬಂದ ಗಂಡಿಗೆ ಊಟದ ಕಡೆ ಲಕ್ಷ್ಯವಿರುವುದಿಲ್ಲ, ಅಳಿಲುಗಳಿಗೆ ಹಬ್ಬವಾಯಿತು. ನಾವು ಹೋಗಲಾಗದಿದ್ದರೆ ಅವನನ್ನೇ ಕರೆಸಬೇಕು. ಹಾಗೆ ಬಂದವರು ದಂತವೈದ್ಯರು.

ಅವರು ನಿವೃತ್ತರು, ಅಧ್ಯಯನದ ಸ್ವಯಂಸೇವಕರು, ಹುಟ್ಟಾ ಬೇಟೆಗಾರರು. ಜಿಂಕೆ ಕರೆಯುವುದರಲ್ಲಿ ಕೆರೊಲಿನಾದಲ್ಲಿ ತಮ್ಮನ್ನು ಮೀರಿಸುವವರಿಲ್ಲ ಎಂದು ಭೇಟಿಯಾದ ಐದು ನಿಮಿಷದಲ್ಲಿ ತಾವೇ ಹೇಳಿಬಿಟ್ಟರು. ಕಲೆಯ ಮೂಲ ಸರಳ. ಇಬ್ಬರು ಗಂಡುಗಳು ಹೆಣ್ಣಿಗಾಗಿ ಕಾದಾಡುವಾಗ ಕೊಂಬು ತಾಗುವ ಸದ್ದು ಕೇಳಿ ಮೂರನೆಯವನು ಓಡಿ ಬರುತ್ತಾನೆ. ಆ ಸದ್ದನ್ನು ಕಳಚಿ ಬಿದ್ದ ಹಳೆಯ ಕೊಂಬುಗಳಲ್ಲಿ ಹೊರಡಿಸಬೇಕು. ಜೊತೆಗೊಂದು ಊದುವ ಕೊಳವೆ. ಅದರಲ್ಲಿ ಗಂಡಿನ ಗುಟುರು ಬರುತ್ತದೆ, ತುಟಿ ಸಡಿಲಿಸಿ ಮೆಲ್ಲಗೆ ಊದಿದರೆ ಹೆಣ್ಣಿನ ಸಣ್ಣ ಕೂಗೂ ಬರುತ್ತದೆ.

ಕರೆ ಕೇಳಿದ ಗಂಡು ನೆಟ್ಟಗೆ ಬರುವುದಿಲ್ಲ. ಸುತ್ತು ಹಾಕಿ, ಗಾಳಿ ಬೀಸಿ ಹೋಗುವ ದಿಕ್ಕಿನಿಂದ ಬಂದು, ಮೂಸಿ ನೋಡಿ ನಂಬುತ್ತಾನೆ. ಆದ್ದರಿಂದ ಕರೆಯುವವರು ಒಂದು ಕಡೆ, ಗುರಿ ಹಿಡಿದವರು ಗಾಳಿ ಹೋಗುವ ಕಡೆ. ನಾನು ಟಾಲ್ಕಮ್ ಪೌಡರಿನ ಡಬ್ಬಿ ಒತ್ತಿ ಪುಡಿ ತೇಲಿದ ದಿಕ್ಕು ನೋಡಿ ಕೂರುತ್ತಿದ್ದೆ. ವಾಸನೆಯಿಲ್ಲದ ಸೋಪು, ಪೈನ್ ಸೊಪ್ಪಿನ ಜೊತೆ ಗ್ಯಾರೇಜಿನಲ್ಲಿ ಕಟ್ಟಿಟ್ಟ ಬಟ್ಟೆ, ಅಡುಗೆಮನೆಗೆ ಕಾಲಿಡದೆ ಹೊರಡುವುದು, ಇವೆಲ್ಲ ದಂತವೈದ್ಯರ ಕಟ್ಟಪ್ಪಣೆ.

ಎಲ್ಲ ಮಾಡಿಯೂ ನಾಲ್ಕು ಬೆಳಗು ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು. ಬೇರೆ ಗಂಡುಗಳು ಬಂದವು. ಒಂದಂತೂ ದಂತವೈದ್ಯರ ಮೇಲೆಯೇ ಏರಿ ಹೋದಾಗ, ಅವರು ಕೊಂಬು ಎಸೆದು ಮರದ ಹಿಂದೆ ಅವಿತುಕೊಂಡರು. ನಮ್ಮವನು ಮಾತ್ರ ಪ್ರತಿ ಸಲವೂ ಟಿಕ್ ಟಿಕ್ ಸಣ್ಣದು ಮಾಡಿಕೊಂಡು ದೂರ ಸರಿದ.

ಮನೆಗೆ ಬಂದಾಗ ಅತ್ತೆ ಸೋಫಾದ ಮೇಲೆ ಕೂತು ಬತ್ತಿ ಹೊಸೆಯುತ್ತಿದ್ದರು. ಗದಗಿನಿಂದ ಆರು ತಿಂಗಳಿಗೆಂದು ಬಂದಿದ್ದರು. ಹೈಸ್ಕೂಲು ಮುಖ್ಯೋಪಾಧ್ಯಾಯಿನಿಯಾಗಿದ್ದವರು, ಅದಕ್ಕಿಂತ ಹೆಚ್ಚಾಗಿ ಪೈಲ್ವಾನರೊಬ್ಬರ ಮಗಳು.

"ಯಾಕ ಮಾರಿ ಬಾಡ್ಯಾದ? ಬರಲಿಲ್ಲೇನು ನಿನ್ನ ಜಿಂಕಿ?"

"ಇಲ್ರೀ ಅತ್ತಿ. ಕೊಂಬು ಬಡದಷ್ಟೂ ದೂರ ಹೋಗ್ಲಿಕ್ಕತ್ತದ."

"ಅಲ್ಲವಾ, ಅಂವಗ ಉಸಿರಾಡ್ಲಿಕ್ಕೇ ಆಗವಲ್ದು ಅಂತಿ. ಉಸಿರು ಕಟ್ಟಿದವನ್ನ ಕುಸ್ತಿಗೆ ಕರದ್ರ ಬರ್ತಾನೇನು? ನಾನಿದ್ರೂ ಓಡೇ ಹೋಗ್ತಿದ್ದೆ."

ನನ್ನ ಗಂಡ ಕಂಪ್ಯೂಟರಿನಿಂದ ತಲೆ ಎತ್ತಿದರು. "ಅವ್ವಾ, ಅಂವ ಪೈಲ್ವಾನ ಅಲ್ಲ, ರಿಸರ್ಚ್ ಸಬ್ಜೆಕ್ಟ್."

"ಯಾರರೇ ಇರ್ಲಿ. ಗರಡಿಮನೀಗೆ ಬ್ಯಾಡ, ಕನ್ಯಾ ನೋಡ್ಲಿಕ್ಕೆ ಕರೀರಿ. ಜ್ವರಾ ಇದ್ರೂ ಎದ್ದು ಬರ್ತಾನ."

ನಾವೆಲ್ಲ ನಕ್ಕೆವು. ಆದರೆ ಆ ಮಾತು ನನ್ನನ್ನು ಬಿಡಲಿಲ್ಲ. ರಿಸೀವರು ನಾಲ್ಕು ದಿನದಿಂದ ನನಗೆ ಇದನ್ನೇ ಹೇಳುತ್ತಿತ್ತು. ನಾನು ಅದನ್ನು ಹೀಗೆ ಮಾತಿನಲ್ಲಿ ಇಟ್ಟಿರಲಿಲ್ಲ, ಅಷ್ಟೇ. ಜೋರು ಕಾಳಗದ ಸದ್ದು ಬಲವಿದ್ದವನಿಗೆ ಆಹ್ವಾನ, ಬಲವಿಲ್ಲದವನಿಗೆ ಬೆದರಿಕೆ. ದಂತವೈದ್ಯರಿಗೆ ಫೋನ್ ಮಾಡಿ ನಾಳೆ ಕೊಂಬು ಬೇಡ, ಹೆಣ್ಣಿನ ಕೂಗು ಸಾಕು ಎಂದೆ. ಅವರಿಗೆ ಒಪ್ಪಿಗೆಯಾಗಲಿಲ್ಲ. ವಾದ ಮಾಡಿದರು, ತಮ್ಮ ಅನುಭವ ನೆನಪಿಸಿದರು, ಕೊನೆಗೆ ಒಂದೇ ಒಂದು ಸಲ ನೋಡೋಣ ಎಂದರು.

ಮರುದಿನ ನರಕ ಚತುರ್ದಶಿ. ನಾನು ಸದ್ದಿಲ್ಲದೆ ಗ್ಯಾರೇಜಿನ ಕಡೆ ಹೊರಟರೆ ಅತ್ತೆ ಬಿಸಿ ಎಣ್ಣೆಯ ಬಟ್ಟಲು ಹಿಡಿದು ಅಡ್ಡ ನಿಂತಿದ್ದರು. ಮೆಂತ್ಯ, ಕರಿಬೇವು ಹಾಕಿ ಕಾಸಿದ ಕೊಬ್ಬರಿ ಎಣ್ಣೆ. ಗದಗಿನಿಂದ ಮೂರು ಪದರ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ತಂದದ್ದು.

"ಎಣ್ಣಿ ನೀರು ಆಗದ ಹೊಸ್ತಲಾ ದಾಟೂಹಂಗಿಲ್ಲ ಇವತ್ತ. ಜಿಂಕಿ ಎಲ್ಲಿ ಹೋಗ್ತದ? ಕೂಡು."

"ಅತ್ತೀ, ವಾಸನಿ ಬರಬಾರ್ದ್ರೀ..."

"ಸೀಗಿಕಾಯಿ ಹಚ್ಚಿ ತಿಕ್ತೀನಿ. ಏನೂ ಉಳಿಯೂದಿಲ್ಲ."

ಸಮುದ್ರ ದಾಟಿ ಬಂದ ಹಿರಿಯರು ಹಬ್ಬದ ದಿನ ಎಣ್ಣೆಯ ಬಟ್ಟಲು ಹಿಡಿದು ನಿಂತರೆ ಯಾವ ಸೊಸೆ ಕಾಡಿನ ನಿಯಮ ಹೇಳುತ್ತಾಳೆ? ಕೂತೆ. ನಿಜ ಹೇಳಬೇಕೆಂದರೆ ಅವರ ಬೆರಳು ನೆತ್ತಿಗೆ ತಾಕಿದಾಗ ವಾರದ ದಣಿವೆಲ್ಲ ಇಳಿದು ಹೋಯಿತು. ಸೀಗೆಕಾಯಿಯಲ್ಲಿ ಎರಡೆರಡು ಸಲ ತಿಕ್ಕಿ, ಟೋಪಿ ಹಾಕಿಕೊಂಡು ಕಾಡಿಗೆ ಹೋದೆ.

ದಂತವೈದ್ಯರು ಮನಸ್ಸಿಲ್ಲದ ಮನಸ್ಸಿನಿಂದ ಹೆಣ್ಣಿನ ಕೂಗು ಊದಿದರು. ಬಹಳ ಹೊತ್ತು ಏನೂ ಆಗಲಿಲ್ಲ. ಆಮೇಲೆ ಟಿಕ್ ಟಿಕ್ ದಪ್ಪವಾಗತೊಡಗಿತು. ಮೊದಲ ಸಲ ಅವನು ನಮ್ಮ ಕಡೆ ಬರುತ್ತಿದ್ದ. ಪೈನ್ ಕಾಂಡಗಳ ನಡುವೆ ಬೂದುಬಣ್ಣ ಅಲುಗಿತು; ಕೊಂಬು ಕಂಡಿತು; ಆಮೇಲೆ ಅವನ ದನಿ ಕೇಳಿತು. ಅದನ್ನು ಗುಟುರು ಎನ್ನುವಂತಿರಲಿಲ್ಲ. ಒಡೆದ ತಿದಿಯಿಂದ ಗಾಳಿ ಸೋರಿದ ಹಾಗೆ ಒಂದು ಸುಯ್ಲು, ನಡುವೆ ಕೆಮ್ಮು. ಅವನು ಸುತ್ತು ಹಾಕಿ, ಗಾಳಿ ಹೋಗುವ ಕಡೆಗೆ ಇಳಿದು, ನನ್ನಿಂದ ನಲವತ್ತು ಗಜದಲ್ಲಿ ನಿಂತ. ಮೂಗು ಎತ್ತಿದ. ಒಂದು ಕ್ಷಣ ಹಾಗೇ ನಿಂತಿದ್ದವನು ಸೀನಿದಂತೆ ಬುಸುಗುಟ್ಟಿ, ಬಿಳಿ ಬಾಲ ಎತ್ತಿ ಹಾರಿಹೋದ.

ದಂತವೈದ್ಯರು ಎದ್ದು ನನ್ನ ಬಳಿ ಬಂದು ಅವನ ಹಾಗೆಯೇ ಮೂಗು ಎತ್ತಿದರು. "ಡಾಕ್, ನಿಮ್ಮ ತಲೆಯ ಮೇಲೆ ಯಾರೋ ಅಡುಗೆ ಮಾಡಿದ್ದಾರೆ," ಎಂದರು. ನಾನು ಹಬ್ಬದ ವಿಷಯ ಹೇಳಿದೆ. ಅವರು ಕೊಳವೆಯನ್ನು ಜೇಬಿಗಿಳಿಸಿ ಟ್ರಕ್ ಹತ್ತಿ ಹೋದರು. ಬೈದಿದ್ದರೆ ವಾಸಿಯಿತ್ತು.

ಅತ್ತೆಗೆ ಹೇಳಬಾರದೆಂದುಕೊಂಡಿದ್ದೆ. ಆದರೆ ಮುಖ ಗುಟ್ಟು ಬಿಟ್ಟುಕೊಟ್ಟಿತು. ಅವರು ಮಂಕಾಗಿಬಿಟ್ಟರು. ಸಂಜೆ ಮಾರಿಸ್‌ವಿಲ್ ದೇವಸ್ಥಾನದಲ್ಲಿ ಎಲ್ಲರೂ ರೇಷ್ಮೆ ಉಟ್ಟು ಸಿಹಿ ಹಂಚುತ್ತಿದ್ದರೆ ಅವರು ಒಂದು ಮೂಲೆಯಲ್ಲಿ ಕೂತು, "ನನ್ನ ಎಣ್ಣಿಯಿಂದ ಒಂದು ಜೀವ ಹೋಗ್ಬಾರ್ದವಾ" ಎಂದರು. ಎರಡು ದಿನ ಕಡಲೆಹಿಟ್ಟು, ಅಡುಗೆ ಸೋಡಾ, ನಿಂಬೆ ಎಲ್ಲ ಹಚ್ಚಿ ತಲೆ ತೊಳೆದರು. ಕೊನೆಗೆ ನನ್ನ ಕೂದಲಿನಿಂದ ಬಜ್ಜಿಯಂಗಡಿಯ ವಾಸನೆ ಬರತೊಡಗಿತು.

ಇಷ್ಟರಲ್ಲಿ ಅಧ್ಯಯನದ ಪ್ರೊಫೆಸರು ಫೋನ್ ಮಾಡಿದರು. ಬಿಟ್ಟುಬಿಡಿ ಎಂದರು. ಮುಂದಿನ ಶನಿವಾರ ಬಂದೂಕಿನ ಬೇಟೆ ಶುರು. ಯಾರದಾದರೂ ಗುಂಡು ತಗುಲಿದರೆ ಅವನಿಗೆ ಸಂಕಟದಿಂದ ಬಿಡುಗಡೆ. ಬಿಗಿದ ಕುತ್ತಿಗೆಯ ಪ್ರಾಣಿಗೆ ಅರಿವಳಿಕೆ ಕೊಟ್ಟರೆ ನಿಮ್ಮ ಕೈಯಲ್ಲೇ ಸಾಯಬಹುದು. ಅವರು ಕಲ್ಲುಮನಸ್ಸಿನವರಲ್ಲ, ಹೇಳಿದ ಒಂದೊಂದು ಮಾತೂ ಸರಿಯಾಗಿಯೇ ಇತ್ತು. ನನಗೆ ಮಾತ್ರ ಆ ಸುಯ್ಲು ಕಿವಿಯಿಂದ ಹೋಗಿರಲಿಲ್ಲ. ನಮ್ಮ ಪಟ್ಟಿಯಿಂದ ಸಾಯುವವನಿಗೆ ಬೇರೆಯವರ ಗುಂಡು ಉಪಕಾರ ಮಾಡಲಿ ಎಂದು ಕೂರುವುದು ನನಗೆ ಆಗದು ಎಂದೆ. ಶುಕ್ರವಾರದವರೆಗೆ ಸಮಯ ಕೊಟ್ಟರು.

ನಕ್ಷೆ ಹರಡಿಕೊಂಡು ಕೂತೆ. ಇಲ್ಲಿಯವರೆಗೂ ನಾವು ವಾಸನೆಯನ್ನು ಬಚ್ಚಿಡಲು ಹೋಗಿ ಸೋತಿದ್ದೆವು. ತಲೆಯ ವಾಸನೆ ವಾರದಲ್ಲಿ ಹೋಗುವಂತೆ ಕಾಣಲಿಲ್ಲ. ಅವನು ಸುತ್ತು ಹಾಕದ ಹಾಗೆ ಮಾಡಲಾಗುತ್ತದೆಯೇ? ಕೆರೆಯೊಳಗೆ ಆಗ್ನೇಯಕ್ಕೆ ಚಾಚಿಕೊಂಡ ಒಂದು ಕಿರಿದಾದ ನೆಲವಿತ್ತು. ಚಳಿ ಗಾಳಿ ವಾಯುವ್ಯದಿಂದ ಬೀಸಿದ ದಿನ ಅದರ ತುದಿಯಲ್ಲಿ ಕೂತರೆ ನಮ್ಮ ವಾಸನೆ ನೀರಿನ ಮೇಲೆ ಹೋಗುತ್ತದೆ. ಬೆನ್ನ ಹಿಂದೆ ಬರೀ ನೀರು. ಮೂಸಬೇಕೆಂದರೆ ಅವನು ಈಜಬೇಕು. ನನ್ನ ಗಂಡ ಹೆಗಲ ಮೇಲಿಂದ ಬಗ್ಗಿ ನೋಡಿ, "ಗಾಳಿ ಬಂದಾಗ ತೂರಿಕೋ ಅಂತಾರಲ್ಲ, ಅದನ್ನ ಇಷ್ಟು ಸೀರಿಯಸ್ಸಾಗಿ ಯಾರೂ ತೊಗೊಂಡಿರ್ಲಿಲ್ಲ ನೋಡು" ಎಂದರು.

ಗಾಳಿ ಗುರುವಾರ ಸಂಜೆ ತಿರುಗಿತು. ಶುಕ್ರವಾರ ಬೆಳಿಗ್ಗೆ ಟಿಕ್ ಟಿಕ್ ಕೆರೆಯ ಬದಿಯಲ್ಲೇ ಇತ್ತು. ದಂತವೈದ್ಯರಿಗೆ ಫೋನ್ ಮಾಡಿದೆ. ಮರುದಿನ ಅವರಿಗೆ ವರ್ಷವಿಡೀ ಕಾದ ಬೇಟೆ, ಬರಲಾರರು ಎಂದೇ ಎಣಿಸಿದ್ದೆ. "ತಲೆಗೆ ಏನು ಹಚ್ಚಿದ್ದೀರಿ?" ಎಂದು ಕೇಳಿದರು. ಕಡಲೆಹಿಟ್ಟು ಎಂದೆ. ನಕ್ಕರು. ಅರ್ಧ ಗಂಟೆಯಲ್ಲಿ ಟ್ರಕ್ ಬಂತು.

ಕೊಂಬುಗಳನ್ನು ಅವರು ಚೀಲದಿಂದ ಹೊರಗೇ ತೆಗೆಯಲಿಲ್ಲ. ತುದಿಯ ಬಂಡೆಯ ಹಿಂದೆ ಅವರು, ಅವರಿಗಿಂತ ಸ್ವಲ್ಪ ಮುಂದೆ ಬಿದ್ದ ಮರದ ಮರೆಯಲ್ಲಿ ನಾನು. ಸೂಜಿಗೆ ಮದ್ದು ತುಂಬುವಾಗ ಪ್ರಮಾಣ ಬೇಕೆಂದೇ ಇಳಿಸಿದ್ದೆ. ಪೂರ್ತಿ ಕೊಟ್ಟರೆ ಅರ್ಧ ಮುಚ್ಚಿದ ಗಂಟಲಿನವನ ಉಸಿರು ನಿಲ್ಲಬಹುದು. ತೀರಾ ಕಡಿಮೆಯಾದರೆ ಕೈಗೆ ಸಿಗದೆ ಓಡಿ, ನೀರಿಗೆ ಬಿದ್ದು ಮುಳುಗಬಹುದು. ಎರಡರ ನಡುವೆ ಎಲ್ಲಿ ನಿಲ್ಲಬೇಕು ಎಂದು ಯಾವ ಪುಸ್ತಕದಲ್ಲೂ ಇರಲಿಲ್ಲ.

ದಂತವೈದ್ಯರು ಊದಿದರು. ಹೆಣ್ಣಿನ ಕೂಗು, ಬಹಳ ಮೆಲ್ಲಗೆ, ಪಕ್ಕದ ಕೋಣೆಯಲ್ಲಿ ಮಗು ನರಳಿದಷ್ಟು. ನಿಲ್ಲಿಸಿ ಕಾದರು. ಮತ್ತೆ ಒಂದೇ ಒಂದು ಕೂಗು. ಇಂಥ ತಾಳ್ಮೆ ಅವರಲ್ಲಿದೆ ಎಂದು ನನಗೆ ಗೊತ್ತಿರಲಿಲ್ಲ. ಬಿಸಿಲೇರಿ ಮಂಜು ಕರಗಿದ ಮೇಲೆ ಟಿಕ್ ಟಿಕ್ ಬಲವಾಯಿತು. ಅವನು ನೆಲ ಮೂಸುತ್ತಾ ಬಂದ, ಎಡಕ್ಕೆ ಹೋದ, ನೀರು ಕಂಡು ನಿಂತ. ಬಲಕ್ಕೆ ಹೋದ, ಅಲ್ಲೂ ನೀರು. ಕತ್ತು ಚಾಚಿ ಸುಯ್ಗುಟ್ಟಿದ. ದಂತವೈದ್ಯರು ಒಂದು ಕೂಗು ಹಾಕಿದರು. ಆಗ ಅವನು ಬೇರೆ ದಾರಿಯಿಲ್ಲದೆ ನನ್ನ ಮುಂದಿನಿಂದಲೇ ನಡೆದು ಬಂದ. ಹಿಂಗಾಲಿನ ತೊಡೆಗೆ ಸೂಜಿ ನಾಟಿತು.

ಅವನು ಹಾರಿ, ಬಂದ ದಾರಿಯಲ್ಲೇ ಓಡಿದ. ನಾವು ಅಲುಗಲಿಲ್ಲ. ಹಿಂದೆ ಬಿದ್ದರೆ ಹೆದರಿ ಇನ್ನೂ ದೂರ ಓಡುತ್ತಾನೆ. ಸದ್ದು ಒಂದೇ ಮಟ್ಟದಲ್ಲಿ ನಿಂತ ಮೇಲೆ ರಿಸೀವರು ಹಿಡಿದು ಹೋದೆವು. ಒಂದು ಓಕ್ ಮರದ ಬುಡದಲ್ಲಿ ಕುಸಿದಿದ್ದ, ಕಣ್ಣು ತೆರೆದೇ ಇತ್ತು. ಕಣ್ಣಿಗೆ ಬಟ್ಟೆ ಕಟ್ಟಿದೆ. ದಂತವೈದ್ಯರು ಹೇಳಿಸಿಕೊಳ್ಳದೆ ತಲೆಯನ್ನು ತೊಡೆಯ ಮೇಲೆ ಎತ್ತಿಟ್ಟುಕೊಂಡು, ನಾಲಗೆ ಪಕ್ಕಕ್ಕೆ ಎಳೆದು ಹಿಡಿದರು. ನಲವತ್ತು ವರ್ಷ ಬಾಯಿ ತೆರೆಸಿದ ಕೈ. ನಾನು ಪಟ್ಟಿಯ ಕೆಳಗೆ ಬೆರಳು ತೂರಿಸಲು ನೋಡಿದೆ, ಜಾಗವಿರಲಿಲ್ಲ. ಪಟ್ಟಿ ಚರ್ಮದೊಳಗೆ ಇಳಿದಿತ್ತು, ಕೀವಿನ ವಾಸನೆ ಬರುತ್ತಿತ್ತು. ಕತ್ತರಿ ಹಾಕಲು ಆಗದೆ ಪಕ್ಕದ ಬೋಲ್ಟನ್ನೇ ಇಕ್ಕಳದಲ್ಲಿ ಹಿಡಿದು ತಿರುಗಿಸಿದೆ. ತುಕ್ಕು ಹಿಡಿದಿತ್ತು. ಅಷ್ಟರಲ್ಲಿ ಅವನ ಪಕ್ಕೆ ಏರುವುದು ನಿಧಾನವಾಯಿತು, ಆಮೇಲೆ ಏರಲೇ ಇಲ್ಲ.

"ಉಸಿರಿಲ್ಲ," ಎಂದರು ದಂತವೈದ್ಯರು.

ನನಗೆ ಆಗ ಯೋಚಿಸಿದ್ದು ನೆನಪಿಲ್ಲ. ಇಕ್ಕಳ ಬಿಟ್ಟು ಶಸ್ತ್ರಚಿಕಿತ್ಸೆಯ ಚಾಕುವಿನಿಂದ ಪಟ್ಟಿಯ ಅಂಚಿನ ಚರ್ಮವನ್ನೇ ಒಂದು ಬೆರಳಿನಷ್ಟು ಕೊಯ್ದು, ಆ ಸಂದಿಯಲ್ಲಿ ಕತ್ತರಿ ತೂರಿಸಿ ಎರಡೂ ಕೈಯಿಂದ ಅದುಮಿದೆ. ಪಟ್ಟಿ ಟಕ್ಕೆಂದು ಬಿಚ್ಚಿಕೊಂಡಿತು. ಪಕ್ಕೆಲುಬಿನ ಮೇಲೆ ಎರಡು ಸಲ ಒತ್ತಿದೆ. ಮೂರನೆಯದಕ್ಕೆ ಉದ್ದದ ಉಸಿರೊಂದು ಒಳಗಿಳಿಯಿತು, ಬಾವಿಗೆ ಕೊಡ ಇಳಿದು ತುಂಬಿಕೊಳ್ಳುವ ಸದ್ದಿನ ಹಾಗೆ. ನಾನು ಅಳುತ್ತಿದ್ದೆ. ದಂತವೈದ್ಯರು ನೋಡಿಯೂ ನೋಡದವರಂತೆ ಹಲ್ಲು ಪರೀಕ್ಷಿಸಿ, "ಮೂರೂವರೆ ವರ್ಷ, ಒಳ್ಳೆಯ ದವಡೆ," ಎಂದರು.

ಗಾಯ ತೊಳೆದು, ಹೊಲಿದು, ಮುಲಾಮು ಹಚ್ಚಿ, ಮದ್ದನ್ನು ಇಳಿಸುವ ಚುಚ್ಚುಮದ್ದು ಕೊಟ್ಟು ದೂರ ಸರಿದೆವು. ಅವನು ತೂರಾಡುತ್ತಾ ಎದ್ದು, ನಮ್ಮ ಕಡೆ ತಿರುಗಿಯೂ ನೋಡದೆ ತೋಪಿನೊಳಗೆ ನಡೆದ. ಹತ್ತು ಕವಲಿನ ಕೊಂಬು. ದಂತವೈದ್ಯರು ಅದನ್ನೇ ನೋಡುತ್ತಾ ನಿಂತಿದ್ದರು. ಬೇಟೆಗಾರನಿಗೆ ಅಂಥ ಗಂಡು ಜನ್ಮಕ್ಕೊಮ್ಮೆ ಸಿಗಬಹುದು, ಮರುದಿನವೇ ಬೇಟೆ ಶುರು, ಅವನಿರುವ ಜಾಗ ಅವರಿಗೆ ಅಂಗೈಯಂತೆ ಗೊತ್ತು. "ನಾಳೆ ನಾನು ಕೆರೆಯ ಆಚೆ ದಡದಲ್ಲಿ ಕೂರುತ್ತೇನೆ," ಎಂದಷ್ಟೇ ಹೇಳಿ ಊದುವ ಕೊಳವೆಯನ್ನೂ ಒಳಗೆ ಹಾಕಿ ಕೊಂಬಿನ ಚೀಲವನ್ನು ನನ್ನ ಕೈಗಿಟ್ಟರು. ಇದು ಇನ್ನು ನಿಮ್ಮ ಬಳಿಯೇ ಇರಲಿ ಎಂದರು.

ಶನಿವಾರ ಬೆಳಕು ಹರಿಯುತ್ತಲೇ ಮನೆಯವರೆಗೂ ಗುಂಡಿನ ಸದ್ದು ಕೇಳಿತು. ಪಟ್ಟಿ ಈಗ ನನ್ನ ಮೇಜಿನ ಮೇಲಿತ್ತು. ಅವನು ಇದ್ದಾನೋ ಇಲ್ಲವೋ ಹೇಳಲು ಯಾವ ಟಿಕ್ ಟಿಕ್ಕೂ ಇರಲಿಲ್ಲ. ಒಂದೊಂದು ಗುಂಡಿಗೂ ಅತ್ತೆ ನನ್ನ ಮುಖ ನೋಡುತ್ತಿದ್ದರು. ಸಂಜೆ ಅವರೇ ಕೇಳಿದರು: "ನಾಳೆನೂ ಹೊಡೀತಾರೇನು?"

"ಇಲ್ರೀ. ಐತವಾರ ಇಲ್ಲಿ ಬೇಟಿ ಬಂದ್."

"ಹಂಗಾದ್ರ ನಡಿ, ನೋಡಿ ಬರೂಣು."

ಅತ್ತೆಯ ಕೂದಲಿಗೆ ಸ್ಕಾರ್ಫ್, ಸೀರೆಯ ಮೇಲೆ ಮಗನ ಕೋಟು, ಕಾಲಿಗೆ ಸ್ನೀಕರ್ಸ್. ಗಾಳಿ ಇನ್ನೂ ವಾಯುವ್ಯದ್ದೇ. ಅದೇ ತುದಿಯಲ್ಲಿ ನೀರಿಗೆ ಬೆನ್ನು ಕೊಟ್ಟು ಬಂಡೆಯ ಹಿಂದೆ ಕೂತೆವು. ನಾನು ಹೆಣ್ಣಿನ ಕೂಗು ಊದಿದೆ. ಏನೂ ಬರಲಿಲ್ಲ. ತುಟಿ ಬಿಗಿಹಿಡಿದು ಊದಿ ಗುಟುರು ಹಾಕಿದೆ. ಬರೀ ಕೆರೆಯ ಅಲೆ. ಬಿಸಿಲೇರಿತು, ಒಂದು ಅಳಿಲು ಬಂದು ನಮ್ಮನ್ನು ನೋಡಿಕೊಂಡು ಹೋಯಿತು. ನಿನ್ನೆಯ ಗುಂಡುಗಳಲ್ಲಿ ಒಂದು ಅವನದೇ ಇರಬೇಕು ಎಂದು ನಾನು ಮನಸ್ಸನ್ನು ಗಟ್ಟಿ ಮಾಡಿಕೊಳ್ಳತೊಡಗಿದೆ.

ಅತ್ತೆ ಚೀಲಕ್ಕೆ ಕೈ ಹಾಕಿ ಎರಡೂ ಕೊಂಬುಗಳನ್ನು ಹೊರಗೆಳೆದರು.

"ಅತ್ತೀ, ಅದಕ್ಕ ಅಂವ ಯಾವತ್ತೂ ಬಂದಿಲ್ರೀ."

"ಅವಾಗ ಉಸಿರಿದ್ದಿಲ್ಲ," ಎಂದವರೇ ಕೊಂಬುಗಳನ್ನು ತಲೆಯ ಮೇಲೆತ್ತಿ ಅಪ್ಪಳಿಸಿದರು. ಬಳೆಗಳೂ ಜೊತೆಗೆ ಸದ್ದು ಮಾಡಿದವು. ತಿರುಚಿದರು, ಉಜ್ಜಿದರು, ಮತ್ತೆ ಅಪ್ಪಳಿಸಿದರು, ಕಾಲಿನಿಂದ ತರಗೆಲೆ ತುಳಿದರು. ಕುಸ್ತಿ ಹೇಗಿರುತ್ತದೆಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ತೋಪಿನಲ್ಲಿ ಕೊಂಬೆ ಮುರಿಯಿತು. ಆಮೇಲೆ ಗುಟುರು, ದಪ್ಪ, ತುಂಬಿದ ಗುಟುರು, ಎದೆಯ ತಳದಿಂದ ಬಂದದ್ದು. ಹತ್ತು ಕವಲಿನ ಕೊಂಬು ತಗ್ಗಿಸಿ, ಕುತ್ತಿಗೆಯಲ್ಲಿ ನನ್ನ ಹೊಲಿಗೆಯ ಕೆಂಪು ಗೆರೆ ಹೊತ್ತು, ಅವನು ನೆಟ್ಟಗೆ ನಮ್ಮ ಕಡೆಗೇ ಬರುತ್ತಿದ್ದ.

ಅತ್ತೆ ಕೊಂಬು ಮಡಿಲಿಗೆ ಇಳಿಸಿ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡರು.

"ಬಂದ ನೋಡವಾ, ಪೈಲ್ವಾನ."